ಟೆಂಟು ಕಿತ್ತರೆ ಮುಗಿಯುವ ಮಾತಲ್ಲ

ಉತ್ತರ ಕನ್ನಡದ ಮಾನ್ಯ ಜಿಲ್ಲಾಧಿಕಾರಿಗಳಿಗೆ,

ಮಳೆ ಹಿಂದೆ ಸರಿಯುತ್ತಿದೆ. ಇನ್ನು ಕೆಲವೇ ವಾರಗಳಲ್ಲಿ ಗೋಕರ್ಣದ ಕುಡ್ಲೆ, ಓಂ ಬೀಚುಗಳಿಂದ ಹೊನ್ನಾವರದವರೆಗೆ ತೆಂಗಿನ ತೋಟಗಳಲ್ಲಿ, ಗಾಳಿಮರಗಳ ನೆರಳಲ್ಲಿ ಟೆಂಟುಗಳು ಏಳುತ್ತವೆ. ಅಟ್ಟ ಸೇರಿದ್ದ ಬಿದಿರು, ಹಲಗೆಗಳು ಕೆಳಗಿಳಿದು ಗುಡಿಸಲುಗಳಾಗುತ್ತವೆ. ರಜೆ ಬಂತೆಂದರೆ ಬೆಂಗಳೂರು, ಹುಬ್ಬಳ್ಳಿಯ ಬಸ್ಸುಗಳಿಂದ ಬ್ಯಾಗು ಹೊತ್ತ ಹುಡುಗ ಹುಡುಗಿಯರು ಇಳಿಯುತ್ತಾರೆ. ಆಮೇಲಿನದು ಕರಾವಳಿಗೆಲ್ಲ ಗೊತ್ತು: ಯಾರೋ ದೂರು ಕೊಡುತ್ತಾರೆ, ಜೆಸಿಬಿ ಬರುತ್ತದೆ, ನಾಲ್ಕಾರು ಟೆಂಟು ಮಣ್ಣುಪಾಲಾಗುತ್ತವೆ, ಕೆಲವು ದಿನ ಕಳೆದ ಮೇಲೆ ಮತ್ತೆ ಅಲ್ಲೇ ಏಳುತ್ತವೆ.

ಈ ಕಣ್ಣಾಮುಚ್ಚಾಲೆ ನಿಲ್ಲಲಿ. ಬಿಚ್ಚಿ ಮಡಚಿಡಬಹುದಾದ ವಸತಿಗೆ ಅಕ್ಟೋಬರಿನಿಂದ ಮೇ ತಿಂಗಳವರೆಗೆ ಋತುಮಾನದ ಪರವಾನಗಿ ಕೊಡುವ ವ್ಯವಸ್ಥೆ ಮಾಡಿ, ಗಟ್ಟಿ ಷರತ್ತು ಹಾಕಿ, ಮುರಿದವರ ಪರವಾನಗಿ ರದ್ದು ಮಾಡಿ. ಋತುಮಾನದ ಕಟ್ಟುಪಾಡು ನಮಗೆ ಹೊಸದಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನು ಹಿಡಿಯುವ ಯಾಂತ್ರಿಕ ದೋಣಿಗಳು ದಡ ಬಿಟ್ಟು ಹೋಗುವುದಿಲ್ಲ. ಮೀನಿಗೆ ಒಪ್ಪಿಕೊಂಡ ನಿಯಮವನ್ನು ಪ್ರವಾಸಿಗರ ವಿಷಯದಲ್ಲಿ ಒಪ್ಪಿಕೊಳ್ಳಲಾರೆವೇ?

ಕಾನೂನು ಪೂರ್ತಿ ಬಾಗಿಲು ಮುಚ್ಚಿಲ್ಲ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಗ್ರಾಮೀಣ ತೀರದಲ್ಲಿ ಸ್ಥಳೀಯರು ತಮ್ಮ ಮನೆಯನ್ನೇ ಹೋಮ್‌ಸ್ಟೇ ಮಾಡಿಕೊಳ್ಳಲು ಅವಕಾಶ ಕೊಟ್ಟಿದೆ. ಅನುಮೋದಿತ ಪ್ರವಾಸೋದ್ಯಮ ಯೋಜನೆಗೆ ಒಳಪಟ್ಟು, ಉಬ್ಬರದ ಗೆರೆಯಿಂದ ಕನಿಷ್ಠ 10 ಮೀಟರ್ ಬಿಟ್ಟು, ತಾತ್ಕಾಲಿಕ ಶ್ಯಾಕ್, ಶೌಚಾಲಯಗಳಿಗೂ ಜಾಗ ಕೊಟ್ಟಿದೆ. ಆದರೆ ರಾತ್ರಿ ತಂಗುವ ಟೆಂಟು ಯಾವ ಲೆಕ್ಕಕ್ಕೆ ಸೇರುತ್ತದೆ ಎಂದು ಹಿತ್ತಲಲ್ಲಿ ಟೆಂಟು ಹಾಕಿದವರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಸಲಹೆಗಾರರನ್ನು ಇಟ್ಟುಕೊಳ್ಳುವ ತಾಕತ್ತಿರುವವರು ಕಾಗದಪತ್ರ ಮಾಡಿಸಿಕೊಂಡು ಸಿಮೆಂಟು ಸುರಿಯುತ್ತಾರೆ. ಮಳೆ ಬಂದರೂ ಆ ಕಟ್ಟಡ ಜಾಗ ಬಿಟ್ಟು ಕದಲುವುದಿಲ್ಲ. ಜೂನ್‌ನಲ್ಲಿ ಗಂಟುಕಟ್ಟಿ ಒಳಗಿಡುವ ಟೆಂಟಿಗೆ ಮಾತ್ರ ಕಾಗದವೇ ಇಲ್ಲ.

ಹಾಗೆಂದು ಟೆಂಟಿನವರೆಲ್ಲ ಸಾಚಾ ಎನ್ನುತ್ತಿಲ್ಲ. ಒಂದು ಹಿತ್ತಲಿಗೆ ಹೋಗಿ ನೋಡೋಣ. ತೆಂಗಿನ ಮರಗಳ ನಡುವೆ ಆರು ಟೆಂಟು, ಮರದಿಂದ ಮರಕ್ಕೆ ಬಣ್ಣದ ಬಲ್ಬಿನ ಸರ, ಅಡುಗೆಮನೆಯಲ್ಲಿ ಬಂಗಡೆ ಸಾರು ಕುದಿಯುತ್ತಿದೆ. ಮೂಲೆಯಲ್ಲಿ ತಗಡಿನ ಶೌಚಾಲಯ, ಅದರಡಿ ತಳವಿಲ್ಲದ ಗುಂಡಿ. ಅಲ್ಲಿಂದ ಹತ್ತಿಪ್ಪತ್ತು ಹೆಜ್ಜೆಗೆ ಕುಡಿಯುವ ನೀರಿನ ಬಾವಿ. ಉಸುಕಿನ ನೆಲದಲ್ಲಿ ಗುಂಡಿಯ ನೀರು ಎಲ್ಲಿಗೆ ಹೋಗುತ್ತದೆಂದು ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಮೊದಲೇ ಉಪ್ಪೇರುವ ಬಾವಿಗೆ ಇದೂ ಸೇರಿದರೆ ಅನುಭವಿಸುವವರು ಪಕ್ಕದ ಮನೆಯವರು, ಪ್ರವಾಸಿಗರಲ್ಲ. ಆದ್ದರಿಂದ ಮೊದಲ ಷರತ್ತು ಇದು: ಸೋರದ ಟ್ಯಾಂಕು, ಬಾವಿಯಿಂದ ನಿಗದಿತ ಅಂತರ, ಟ್ಯಾಂಕು ಖಾಲಿ ಮಾಡಿಸಿದ ರಸೀತಿ. ಇವಿಲ್ಲದಿದ್ದರೆ ಪರವಾನಗಿಯೂ ಇಲ್ಲ.

ಎರಡನೆಯದು ಕತ್ತಲೆಯ ಷರತ್ತು. ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ನಮ್ಮ ತೀರಕ್ಕೆ ಬಂದು ಮೊಟ್ಟೆಯಿಡುತ್ತವೆ. ಹೊನ್ನಾವರದ ಕಾಸರಕೋಡು ಟೊಂಕದ ಮೀನುಗಾರರಿಗೆ ಆ ಗೂಡುಗಳ ಗುರುತು ಗೊತ್ತು. ಮರಿಗಳು ಮೊಟ್ಟೆ ಒಡೆದು ಹೊರಬಂದಾಗ ಕಡಲಿನ ಮೇಲಣ ಮಂದ ಬೆಳಕನ್ನು ನಂಬಿ ನಡೆಯುತ್ತವೆ. ದಡದಲ್ಲಿ ಪ್ರಖರ ದೀಪವಿದ್ದರೆ ದಾರಿ ತಪ್ಪಿ ಊರ ಕಡೆ ತಿರುಗಿ, ನಾಯಿಯ ಬಾಯಿಗೋ ಮುಂಜಾನೆಯ ಬಿಸಿಲಿಗೋ ಬಲಿಯಾಗುತ್ತವೆ. ಕಡಲಿಗೆ ಮುಖಮಾಡಿದ ದೀಪ, ಡಿಜೆ, ಉಸುಕಿನ ಮೇಲಿನ ಕ್ಯಾಂಪ್ ಫೈರ್ ಮೂರನ್ನೂ ಆ ತಿಂಗಳುಗಳಲ್ಲಿ ನಿಲ್ಲಿಸಿ.

ಮೂರನೆಯದು ಜೀವದ ಮಾತು. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರನ್ನು ಮುರುಡೇಶ್ವರದ ಕಡಲು ಸೆಳೆದುಕೊಂಡಿತು. ಅತಿಥಿಯ ಆಧಾರ್ ಪ್ರತಿ ಇಟ್ಟುಕೊಳ್ಳುವ ಮಾಲೀಕ, ಸೆಳೆತವಿರುವ ಜಾಗ ಯಾವುದು, ಯಾವ ಹೊತ್ತಿಗೆ ನೀರಿಗಿಳಿಯಬಾರದು ಎಂಬುದನ್ನೂ ಬಾಯಿಬಿಟ್ಟು ಹೇಳಲೇಬೇಕು. ಜೀವರಕ್ಷಕರನ್ನು ನೇಮಿಸುವುದು ಮಾತ್ರ ಸರ್ಕಾರದ ಹೊಣೆ. ಪರವಾನಗಿ ಶುಲ್ಕದ ಹಣ ಅದಕ್ಕೇ ಹೋಗಲಿ.

ಪರವಾನಗಿ ಯಾರಿಗೆ? ಮೊದಲು ಆ ಊರಿನಲ್ಲೇ ಬದುಕುವವರಿಗೆ. ಒಂದು ಮನೆಗೆ ಇಷ್ಟೇ ಟೆಂಟು ಎಂಬ ಮಿತಿಯಿರಲಿ. ಇಲ್ಲವಾದರೆ ಹೊರಗಿನ ಹಣ ಊರವರ ಹೆಸರಿನಲ್ಲಿ ತೋಟಗಳನ್ನು ಲೀಸಿಗೆ ಹಿಡಿದು ಅರ್ಧ ಕಡಲ ದಡವನ್ನು ಬೇಲಿಯೊಳಗೆ ಹಾಕಿಕೊಳ್ಳುತ್ತದೆ; ಬಲೆ ಒಣಗಿಸುವ ಜಾಗವೂ ಉಳಿಯುವುದಿಲ್ಲ. ಹಗುರವಾಗಿ ಕಟ್ಟಿ ಅತಿಥಿಗಳನ್ನು ಸತ್ಕರಿಸುವುದು ಸರ್ಕಾರಕ್ಕೆ ತಿಳಿಯದ ವಿದ್ಯೆಯೂ ಅಲ್ಲ. ಸರ್ಕಾರದ್ದೇ ಆದ ಜಂಗಲ್ ಲಾಡ್ಜಸ್ ಸಂಸ್ಥೆ ಕಾರವಾರದ ದೇವಬಾಗದಲ್ಲಿ ಗಾಳಿಮರಗಳ ನಡುವೆ ಮರದ ಗುಡಿಸಲುಗಳನ್ನು ನಡೆಸಿದೆ. ಆ ಅನುಭವ ಬಡವರ ಹಿತ್ತಲಿಗೂ ಬರಲಿ.

ಕರಾವಳಿ ವಲಯದ ಜಿಲ್ಲಾ ಸಮಿತಿಗೆ ನೀವೇ ಅಧ್ಯಕ್ಷರು. ಸ್ಥಳೀಯ ಸಾಂಪ್ರದಾಯಿಕ ಸಮುದಾಯಗಳ ಕನಿಷ್ಠ ಮೂವರು ಪ್ರತಿನಿಧಿಗಳು ಅದರಲ್ಲಿರಬೇಕೆಂದು ಅಧಿಸೂಚನೆಯೇ ಹೇಳುತ್ತದೆ. ಈ ಸಲದ ಸಭೆಯನ್ನು ಕಾರವಾರದ ಕಚೇರಿಯಲ್ಲಿ ಮಾಡದೆ ಗೋಕರ್ಣದಲ್ಲೇ ಕರೆಯಿರಿ. ಟೆಂಟಿನವರು, ಮೀನುಗಾರರು, ಬಾವಿ ಕೆಟ್ಟವರು ಎದುರುಬದುರು ಕೂತು ಮಾತಾಡಲಿ. ಒಪ್ಪಿದ ಷರತ್ತುಗಳನ್ನು ಕನ್ನಡದಲ್ಲಿ ಒಂದೇ ಹಾಳೆಯ ಮೇಲೆ ಅಚ್ಚು ಹಾಕಿಸಿ ಪ್ರತಿ ಪಂಚಾಯತ್ ಕಚೇರಿಯ ಗೋಡೆಗೆ ಅಂಟಿಸಿ. ಅದಾದ ಮೇಲೂ ನಿಯಮ ಮುರಿದವರ ಟೆಂಟು ಕೀಳಲು ಬಂದರೆ ಊರೇ ನಿಮ್ಮ ಬೆನ್ನಿಗೆ ನಿಲ್ಲುತ್ತದೆ.

ಇತಿ,
ಕುಮಟಾ ತಾಲೂಕಿನ ಒಬ್ಬ ನಿವಾಸಿ