ಬೈಕಲಾದಲ್ಲಿ ಅಚ್ಚಾದ ಹಲಗಲಿ

ಹಲಗಲಿ ಬೇಡರ ಲಾವಣಿಯನ್ನು ಶಾಲೆಯಲ್ಲಿ ಓದಿದವರು ನಮ್ಮ ಓದುಗರಲ್ಲಿ ಬಹಳ ಮಂದಿ ಇರಬಹುದು. ಅದು ಅಚ್ಚು ಕಂಡದ್ದು ನಮ್ಮದೇ ಮುಂಬಯಿಯ ಬೈಕಲಾದಲ್ಲಿ ಎಂಬುದನ್ನು ಬಲ್ಲವರು ಕಡಿಮೆ. ಮುಂಬಯಿ ಸಿವಿಲ್ ಸರ್ವಿಸಿನ ಜಾನ್ ಫೇಯ್ತ್‌ಫುಲ್ ಫ್ಲೀಟ್ ಶಾಸನಗಳ ಬೆನ್ನು ಹತ್ತಿ ಉತ್ತರ ಕರ್ನಾಟಕದಲ್ಲಿ ತಿರುಗಿದ ಮನುಷ್ಯ. ಕಲ್ಲಿನ ಮೇಲಿನ ಅಕ್ಷರದ ಜೊತೆಗೆ ಹಾಡುವವರ ಬಾಯಿಗೂ ಆತ ಕಿವಿಗೊಟ್ಟ. ಸಂಗೊಳ್ಳಿ ರಾಯಣ್ಣ, ಕಿತ್ತೂರು ಚೆನ್ನಮ್ಮನ ಸೊಸೆ, ಸಂಗ್ಯಾ, ಹಲಗಲಿಯ ಬೇಡರು, ಜೊತೆಗೆ ಹೊಸದಾಗಿ ತಲೆಯ ಮೇಲೆ ಬಿದ್ದ ಇನ್‌ಕಮ್ ಟ್ಯಾಕ್ಸ್! ಈ ಲಾವಣಿಗಳು 1885ರಿಂದ ಮುಂದಿನ ಕೆಲವು ವರ್ಷ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಬಂದವು. ಆ ಪತ್ರಿಕೆ ಬೈಕಲಾದ ಎಜುಕೇಶನ್ ಸೊಸೈಟಿ ಪ್ರೆಸ್ಸಿನಲ್ಲಿ ಅಚ್ಚಾಗುತ್ತಿತ್ತು.

1857ರಲ್ಲಿ ಹತಾರ ಒಪ್ಪಿಸಬೇಕೆಂಬ ಹುಕುಂ ಬಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರಿನಲ್ಲಿ ದಂಡು ಬಂತು, ಊರು ಸುಟ್ಟಿತು, ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೇರಿಸಲಾಯಿತು. ಸರಕಾರಿ ಕಾಗದದಲ್ಲಿ ಉಳಿದದ್ದು ಹೆಚ್ಚುಕಡಿಮೆ ಇಷ್ಟೇ. ಮೂವತ್ತು ವರ್ಷ ಕಳೆಯುವುದರೊಳಗೆ ಅದೇ ಸರಕಾರದ ಅಧಿಕಾರಿಯೊಬ್ಬ ಆ ಸತ್ತವರ ಹಾಡನ್ನು ಅಚ್ಚು ಹಾಕಿಸಿದ್ದು ಒಂದು ವಿಚಿತ್ರ.

ಆ ಲಾವಣಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಕಾಳಗಕ್ಕಿಂತ ಲೂಟಿಯ ಭಾಗ. ದಂಡಿನವರು ಏನೇನು ಹೊತ್ತೊಯ್ದರು ಎಂದು ಲಾವಣಿಕಾರ ಒಂದೊಂದಾಗಿ ಎಣಿಸುತ್ತಾನೆ. ದನಕರು ಹೋಯಿತು, ಹಾಲು ಬೆಣ್ಣೆ ಹೋಯಿತು. ಉಪ್ಪು, ಎಣ್ಣೆ, ಅರಿಶಿನ, ಜೀರಿಗೆ, ಉಣ್ಣುವ ಗಂಗಾಳ, ನೀರಿನ ಚೆರಿಗೆ, ಕೊರಳಿನ ಮಂಗಳಸೂತ್ರ, ಕೊನೆಗೆ ಬೀಸುಕಲ್ಲೂ. ಬೀಸುಕಲ್ಲನ್ನು ಹೊತ್ತು ದಂಡಿನವರಿಗೆ ಏನಾಗಬೇಕಿತ್ತೋ! ಆದರೆ ಹಾಡಿದವನಿಗೆ ಅದು ಹೋದರೆ ಮನೆಯಲ್ಲಿ ಏನು ನಿಂತುಹೋಗುತ್ತದೆ ಎಂಬುದು ಗೊತ್ತಿತ್ತು. ಬಂಡಾಯದ ಹಾಡೊಂದರ ನಡುವೆ 1857ರ ಬೇಡರ ಅಡುಗೆಮನೆಯೊಂದು ಹೀಗೆ ಇಡಿಯಾಗಿ ಸಿಕ್ಕಿಬಿಡುತ್ತದೆ. ಲಾವಣಿಕಾರನ ಮಾತನ್ನೆಲ್ಲ ಕಣ್ಣುಮುಚ್ಚಿ ನಂಬಬೇಕೆಂದಿಲ್ಲ. ಆತ ಶೂರರನ್ನು ಹಿಗ್ಗಿಸುತ್ತಾನೆ, ದಂಡಿನ ತಲೆ ಎಣಿಸುವಾಗ ಕೈ ಸಡಿಲ ಬಿಡುತ್ತಾನೆ. ಜೀರಿಗೆಯ ವಿಷಯದಲ್ಲಿ ಮಾತ್ರ ಸುಳ್ಳು ಹೇಳಿ ಆತನಿಗೆ ಲಾಭವಿರಲಿಲ್ಲ.

ಆ ಬೀಸುಕಲ್ಲಿನ ಮುಂದೆ ಕೂತವಳು ಏನು ಹಾಡುತ್ತಿದ್ದಳು ಎಂಬುದು ಫ್ಲೀಟನಿಗೆ ದಕ್ಕಲಿಲ್ಲ. ನಸುಕಿನಲ್ಲಿ ಒಳಮನೆಯಲ್ಲಿ ಹುಟ್ಟುವ ಹಾಡು ಸಾಹೇಬರ ಕಚೇರಿಯವರೆಗೆ ಬರುವುದಾದರೂ ಹೇಗೆ? ಅದಕ್ಕೆ ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರೇ ಬೇಕಾಯಿತು. ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಸಂಗಡಿಗರು ತಮ್ಮ ಮನೆಯ, ಓಣಿಯ ಹೆಂಗಸರಿಂದಲೇ ಕೇಳಿ ಬರೆದುಕೊಂಡ ತ್ರಿಪದಿಗಳು 1931ರಲ್ಲಿ ‘ಗರತಿಯ ಹಾಡು’ ಆದವು. ಆ ಜಿಲ್ಲೆಯೂ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕೋರ್ಟಿನ ಅಪೀಲು ಇಲ್ಲಿಗೆ ಬರುತ್ತಿತ್ತು, ಹಾಡು ಬರಲಿಲ್ಲ.

ಕರಾವಳಿಯ ಹಾಡುಗಳನ್ನೂ ಮೊದಮೊದಲು ಅಚ್ಚಿಗೆ ತಂದವರು ಹೊರಗಿನವರೇ. ಬಾಸೆಲ್ ಮಿಷನ್ನಿನ ಮೆನ್ನರ್ 1886ರಲ್ಲಿ ಮಂಗಳೂರಿನಲ್ಲಿ ತುಳು ಪಾಡ್ದನಗಳನ್ನು ಅಚ್ಚು ಹಾಕಿಸಿದ. ಇಂಗ್ಲಿಷ್ ವಿದ್ವಾಂಸ ಬರ್ನೆಲ್ ಕೂಡಿಟ್ಟಿದ್ದ ಭೂತಾರಾಧನೆಯ ಸಾಮಗ್ರಿ, ಆತ ತೀರಿಕೊಂಡ ಮೇಲೆ, 1894ರಿಂದ 1897ರವರೆಗೆ ಮತ್ತೆ ಇದೇ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟವಾಯಿತು. ಅದರಲ್ಲಿದ್ದ ತುಳುನಾಡಿನ ವೀರರಾದ ಕೋಟಿ ಚೆನ್ನಯರ ಕಥೆ ಈ ಊರಿನ ಅಚ್ಚುಮೊಳೆಗೆ ಏರಿದ ಆಸುಪಾಸಿನಲ್ಲೇ ತುಳುವರೂ ದುಡಿಮೆ ಹುಡುಕಿಕೊಂಡು ಈ ಊರಿಗೆ ಬರುತ್ತಿದ್ದರು. 1902ರಲ್ಲಿ ಇಲ್ಲಿ ಕರಾವಳಿಯ ಮೀನುಗಾರ ಸಮುದಾಯದ ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿತು.

ನನ್ನ ತಕರಾರು ಇಲ್ಲಿಂದ ಶುರು. ಮುಂಬಯಿ ಕನ್ನಡಿಗರ ಇತಿಹಾಸ ಬರೆಯಲು ಕೂತರೆ ನಮಗೆ ಥಟ್ಟನೆ ನೆನಪಾಗುವುದು ಇಂಥ ಇಸವಿಗಳೇ. 1902, 1926ರ ಮೈಸೂರು ಅಸೋಸಿಯೇಶನ್, 1933ರ ಕರ್ನಾಟಕ ಸಂಘ. ಬೆನ್ನಿಗೇ ಅಧ್ಯಕ್ಷರ ಭಾವಚಿತ್ರಗಳ ಸಾಲು. ಯಶವಂತ ಚಿತ್ತಾಲರು, ಜಯಂತ ಕಾಯ್ಕಿಣಿಯವರು ಕಥೆಗಳಲ್ಲಿ ಹಿಡಿದ ಮುಂಬಯಿ ಇದೆ, ಅದು ದೊಡ್ಡದು. ಆದರೆ ಹತ್ತು ಜನ ಮಲಗುತ್ತಿದ್ದ ಚಾಳಿನ ಖೋಲಿಯಲ್ಲಿ ಏನೇನು ಸಾಮಾನಿತ್ತು, ಹಬೆ ಹಡಗಿನಲ್ಲಿ ಗಂಡನನ್ನು ಕಳಿಸಿ ಊರಲ್ಲೇ ಉಳಿದವಳು ನಾಟಿಗದ್ದೆಯಲ್ಲಿ ಏನೆಂದು ಹಾಡಿದಳು, ಕಲಬುರಗಿ ಯಾದಗಿರಿಯಿಂದ ಬಂದು ನಾಕಾದ ಮೇಲೆ ಕೂಲಿಗೆ ನಿಲ್ಲುವ ಹೆಂಗಸು ಮಗುವನ್ನು ಯಾವ ಹಾಡಿನಿಂದ ಮಲಗಿಸುತ್ತಾಳೆ ಎಂಬುದು ಯಾವ ಸ್ಮರಣಸಂಚಿಕೆಯಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಹಾಗೆಂದು ಜಾನಪದಕ್ಕೆ ನಮ್ಮಲ್ಲಿ ಬರವಿಲ್ಲ. ವಾರ್ಷಿಕೋತ್ಸವಕ್ಕೊಂದು ಜಾನಪದ ಗೀತೆಯ ಸ್ಪರ್ಧೆ ಇದ್ದೇ ಇದೆ: ಇಳಕಲ್ ಸೀರೆ, ಬಣ್ಣ ಬಳಿದ ಕೊಡ, ಮೊಬೈಲಿನಿಂದ ಬರುವ ಟ್ರ್ಯಾಕು, ಎಲ್ಲರಿಗೂ ಗೊತ್ತಿರುವ ನಾಲ್ಕೈದು ಹಾಡು. ಹಾಡುವವರ ಸಂತೋಷಕ್ಕೆ ಕಲ್ಲು ಹಾಕುವ ಮನಸ್ಸು ನನಗಿಲ್ಲ. ಆದರೆ ಸಿನಿಮಾದಿಂದ ಕಲಿತ ಹಾಡಿಗೆ ಬಹುಮಾನ ಕೊಡುವಾಗ, ಅದೇ ಸಭೆಯ ಹಿಂದಿನ ಸಾಲಿನಲ್ಲಿ ಕೂತ ಎಂಬತ್ತರ ಅಜ್ಜಿಗೆ ಏನು ಬರುತ್ತದೆ ಎಂದು ಯಾರೂ ಕೇಳುವುದಿಲ್ಲ.

ನೆರೆಮನೆಯ ಮರಾಠಿಯಲ್ಲಿ ಕೇಳಿದವರಿದ್ದಾರೆ. ಪುಣೆಯ ಹೇಮಾ ರಾಯರ್ಕರ್ ಮತ್ತು ಗೀ ಪೊಯಿಟವ್ಯಾನ್ ಹಳ್ಳಿಹಳ್ಳಿ ಸುತ್ತಿ, ಹೆಂಗಸರು ಬೀಸುವಾಗ ಹಾಡುವ ಓವಿಗಳನ್ನು ಒಂದು ಲಕ್ಷಕ್ಕೂ ಮೀರಿ ಕೂಡಿಸಿದರು. ಈಗ ಪತ್ರಕರ್ತ ಪಿ. ಸಾಯಿನಾಥರ ‘ಪರಿ’ ಜಾಲತಾಣ ಅವನ್ನು ಹಾಡಿದವರ ಹೆಸರು, ಊರು, ಜಾತಿ, ಕೆಲಸದ ವಿವರದೊಂದಿಗೆ ಪ್ರಕಟಿಸುತ್ತಿದೆ. ಗಂಡನ ಕುಡಿತ, ತವರಿನ ಹಂಬಲ, ಬಾಬಾಸಾಹೇಬ ಅಂಬೇಡ್ಕರರ ಮೇಲಿನ ಪ್ರೀತಿ, ಎಲ್ಲ ಅದರಲ್ಲಿದೆ. ಇಷ್ಟು ದೊಡ್ಡ ಕೆಲಸ ನಮ್ಮ ಸಣ್ಣ ಪತ್ರಿಕೆಯ ಕೈಗೆ ನಿಲುಕುವಂಥದಲ್ಲ. ಆದರೂ ಬರುವ ಸಂಚಿಕೆಯಿಂದ ಒಂದು ಪುಟವನ್ನಂತೂ ಇಂಥ ಹಾಡುಗಳಿಗೆ ಬಿಡುತ್ತೇವೆ.

ನಿಮ್ಮ ಮನೆಯ ಹಿರಿಯರನ್ನು ಕೇಳಿ ಕಳಿಸಿ. ಹಾಡಿದವರ ಹೆಸರು ಹಾಕುವುದು ಬೇಕೋ ಬೇಡವೋ ಎಂದು ಅವರನ್ನೇ ಕೇಳಿ. ಆದರೆ ಯಾವ ಊರಿನ ಹಾಡು, ಯಾವ ಕೆಲಸ ಮಾಡುವಾಗ ಹಾಡುತ್ತಿದ್ದರು, ಮುಂಬಯಿಗೆ ಬಂದ ಮೇಲೆ ಹಾಡಿದ್ದುಂಟೇ, ಎಲ್ಲಿ ಎಂಬುದನ್ನು ತಪ್ಪದೆ ಬರೆಯಿರಿ. ಮುಂಬಯಿ, ರೈಲು, ಹೋಟೆಲು, ಮನಿಯಾರ್ಡರು ನಡುವೆ ನುಸುಳಿದ ಸಾಲುಗಳಿದ್ದರೆ ಅವು ಮೊದಲು ಬೇಕು. ಬೈಗುಳವಿದೆ, ಮಾತು ಒರಟಾಗಿದೆ ಎಂದು ತಿದ್ದಬೇಡಿ. ಅರ್ಧಕ್ಕೆ ಮರೆತಿದ್ದರೆ ಅರ್ಧವನ್ನೇ ಕಳಿಸಿ. ತುಳು, ಕುಂದಾಪ್ರದ ಮಾತು, ಹವ್ಯಕ, ಕೊಂಕಣಿ ಯಾವುದಾದರೂ ಸರಿ, ಕನ್ನಡ ಲಿಪಿಯಲ್ಲಿದ್ದರೆ ಸಾಕು. ಬರೆಯಲು ಬಿಡುವಿಲ್ಲದಿದ್ದರೆ ಫೋನಿನಲ್ಲಿ ಧ್ವನಿ ಹಿಡಿದು ಕಳಿಸಿದರೂ ನಡೆಯುತ್ತದೆ. ಕೇಳಿ ಬರೆದುಕೊಳ್ಳಲು ನಮ್ಮಲ್ಲಿ ಜನರಿದ್ದಾರೆ.