ಗಡಗಡ ಸದ್ದಿಗೆ ಸಾವಿರದ ನಾನೂರು ಡಾಲರೇ?

ಕ್ಯಾಟಲಿಟಿಕ್ ಕನ್ವರ್ಟರಿನ ಚಿತ್ರ ಬರೆದು, ಭಾಗಗಳನ್ನು ಹೆಸರಿಸಿ, ಹತ್ತಕ್ಕೆ ಎಂಟು ಮಾರ್ಕ್ಸ್ ತಗೊಂಡವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅದೇ ಕನ್ವರ್ಟರ್ ತಮ್ಮ ಕಾರಿನ ಕೆಳಗೆ ಎಲ್ಲಿದೆ ಅಂತ ಕೇಳಿ ನೋಡಿ, ಸೈಲೆನ್ಸರ್ ಕಡೆ ಕೈ ತೋರಿಸ್ತಾರೆ. ಇದು ಕುಹಕದ ಮಾತಲ್ಲ. ಊರಿನಲ್ಲಿ ನಮಗೆ ಅದರ ಅಗತ್ಯವೇ ಬಿದ್ದಿರಲಿಲ್ಲ. ಗಾಡಿ ಸದ್ದು ಮಾಡಿದರೆ ಬೀದಿ ಕೊನೆಯ ಮೆಕ್ಯಾನಿಕ್ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗಿಟ್ಟು, ಹಿಡಿಯನ್ನು ಕಿವಿಗೊತ್ತಿಕೊಂಡು ಕೇಳಿ ಹೇಳ್ತಿದ್ದ. ಪಾರ್ಟ್ ಬೇಕಾದರೆ ಬೆಂಗಳೂರಿನ ಜೆ.ಸಿ. ರೋಡ್ ಇತ್ತು. ಇಲ್ಲಿ ಮಿಶಿಗನ್‌ನಲ್ಲಿ ಗ್ಯಾರೇಜಿನ ಕೂಲಿಯೇ ಗಂಟೆಗೆ ನೂರು ಡಾಲರ್ ದಾಟುತ್ತೆ, ಸ್ಟೈಪೆಂಡ್ ಮಾತ್ರ ಎಲ್ಲರಿಗೂ ಗೊತ್ತಿರುವಷ್ಟೇ.

ನಾನು ಹೇಳಬೇಕಾಗಿರೋದು ಇಷ್ಟು: ಹಳೇ ಕಾರಿನ ಎಕ್ಸಾಸ್ಟ್ ಸದ್ದನ್ನು ಮೊದಲು ಹುಡುಕಬೇಕು, ದುಡ್ಡು ಬಿಚ್ಚೋದು ಆಮೇಲೆ. ಹುಡುಕುವ ಕೆಲಸ ನಮ್ಮದೇ. ರಿಪೇರಿ ಯಾರು ಬೇಕಾದರೂ ಮಾಡಲಿ.

ಈ ರಾಜ್ಯದಲ್ಲಿ ಇದು ಯಾಕೆ ಮುಖ್ಯ ಅಂದರೆ, ಇಲ್ಲಿ ಕಾರಿನ ತಳ ಕೊಳೆಯುವಷ್ಟು ಬೇರೆ ಏನೂ ಕೊಳೆಯಲ್ಲ. ಹಿಮ ಕರಗಿಸಲು ಚಳಿಗಾಲವಿಡೀ ರಸ್ತೆಗೆ ಉಪ್ಪು ಸುರೀತಾರೆ. (ಡೆಟ್ರಾಯಿಟ್ ನಗರದ ಕೆಳಗೆ ಸಾವಿರ ಅಡಿಗೂ ಹೆಚ್ಚು ಆಳದಲ್ಲಿ ಒಂದು ಉಪ್ಪಿನ ಗಣಿಯೇ ಇದೆ. ಕಾರು ಮಾಡಿದ ಊರಿನ ಅಡಿಯಲ್ಲೇ ಕಾರು ತಿನ್ನುವ ಉಪ್ಪು!) ಆ ಉಪ್ಪುನೀರು ತಳದ ಬೋಲ್ಟುಗಳನ್ನು ಹೊರಗಿಂದ ತಿನ್ನುತ್ತೆ. ಒಳಗಿಂದ ತಿನ್ನೋದು ಪೆಟ್ರೋಲಿನ ನೀರು. ಒಂದು ಗ್ಯಾಲನ್ ಪೆಟ್ರೋಲ್ ಉರಿದರೆ ಹತ್ತಿರಹತ್ತಿರ ಒಂದು ಗ್ಯಾಲನ್ ನೀರು ಹುಟ್ಟುತ್ತೆ. ದೂರ ಓಡಿಸಿದರೆ ಅದು ಆವಿಯಾಗಿ ಹೊರಗೆ ಹೋಗುತ್ತೆ. ನಾವು ಓಡಿಸೋದು ಕ್ಯಾಂಪಸ್ಸಿನಿಂದ ಇಂಡಿಯನ್ ಸ್ಟೋರಿಗೆ, ಎಂಟು ನಿಮಿಷ. ಅಷ್ಟರಲ್ಲಿ ಹಿಂದಿನ ಮಫ್ಲರ್ ಸರಿಯಾಗಿ ಕಾಯೋದೂ ಇಲ್ಲ, ನೀರು ಒಳಗೇ ನಿಂತು ತುಕ್ಕು ಹಿಡಿಸುತ್ತೆ. ಇದರ ಮೇಲೆ ಮಿಶಿಗನ್‌ನಲ್ಲಿ ಖಾಸಗಿ ಕಾರುಗಳಿಗೆ ವರ್ಷವರ್ಷದ ತಪಾಸಣೆ ಇಲ್ಲ, ನಮ್ಮೂರಿನ ಪೆಟ್ರೋಲ್ ಬಂಕಿನ ಎಮಿಷನ್ ಟೆಸ್ಟಿನಂಥದ್ದೂ ಇಲ್ಲ. ಅಂದರೆ ನೀವು ಬಗ್ಗಿ ನೋಡದಿದ್ದರೆ ಯಾರೂ ನೋಡಲ್ಲ.

ನಮ್ಮದೇ ಉದಾಹರಣೆ ಕೊಡ್ತೀನಿ. ಮೂವರು ಸೇರಿ 3,200 ಡಾಲರಿಗೆ ತಗೊಂಡ ಕಾರು, 2008ರ ಸೆಡಾನ್, 1,40,000 ಮೈಲಿ ಓಡಿದೆ. ಫೆಬ್ರವರಿಯಲ್ಲಿ ಸದ್ದು ಶುರುವಾಯ್ತು. ಸಿಗ್ನಲ್ಲಿನಲ್ಲಿ ಡ್ರೈವ್ ಗೇರಿನಲ್ಲೇ ಬ್ರೇಕ್ ಒತ್ತಿ ನಿಂತರೆ ಸ್ಟೀಲ್ ಡಬ್ಬಿಯಲ್ಲಿ ಚಮಚ ಅಲ್ಲಾಡಿಸಿದಂಗೆ. ಆಕ್ಸಿಲರೇಟರ್ ಒತ್ತಿದರೆ ಮಾಯ. ಮತ್ತೆ 1900 ಆರ್‌ಪಿಎಂ ದಾಟುವಾಗ ಒಂದು ಕ್ಷಣ ಗರ್ರ್ ಅಂತ ಬಂದು ಹೋಗುತ್ತೆ. ಹತ್ತಿರದ ಒಂದು ಗ್ಯಾರೇಜಿನವರು ಗಾಡಿಯನ್ನು ಲಿಫ್ಟಿಗೂ ಏರಿಸದೆ, ಎರಡು ಸಲ ರೇಸ್ ಮಾಡಿ, "ಕನ್ವರ್ಟರ್ ಒಳಗೆ ಪುಡಿಯಾಗಿದೆ, 1,400 ಡಾಲರ್ ಆಗುತ್ತೆ" ಅಂದರು. ಕಾರಿನ ಬೆಲೆಯ ಅರ್ಧದ ಹತ್ತಿರ.

ಹಾಗೆ ಆಗೋದೇ ಇಲ್ಲ ಅಂತಲ್ಲ. ಕನ್ವರ್ಟರಿನ ಒಳಗಿರೋದು ಜೇನುಗೂಡಿನಂಥ ಸೆರಾಮಿಕ್ ಇಟ್ಟಿಗೆ. ಅದು ಒಡೆದರೆ ಖಂಡಿತ ಗಡಗಡ ಅನ್ನುತ್ತೆ. ಆದರೆ ಒಡೆದ ಮೇಲೆ ಅದು ಹೊಗೆ ಶುದ್ಧ ಮಾಡುವ ಕೆಲಸದಲ್ಲೂ ಸಾಮಾನ್ಯವಾಗಿ ಹಿಂದೆ ಬೀಳುತ್ತೆ. ಅದರ ಹಿಂದಿರುವ ಆಕ್ಸಿಜನ್ ಸೆನ್ಸರಿಗೆ ಅದು ತಿಳಿದು ಚೆಕ್ ಇಂಜಿನ್ ದೀಪ ಹತ್ತಬೇಕು, ಕಂಪ್ಯೂಟರಿನಲ್ಲಿ ಪಿ0420 ಅನ್ನುವ ಕೋಡ್ ಕೂರಬೇಕು. ಅಮೆರಿಕದಲ್ಲಿ ಮಾರಾಟವಾಗುವ ಕಾರುಗಳಿಗೆ 1996ರ ಮಾಡೆಲ್‌ನಿಂದ ಓಬಿಡಿ-2 ಪೋರ್ಟ್ ಕಡ್ಡಾಯ. ಇಪ್ಪತ್ತು ಡಾಲರಿನ ರೀಡರ್ ಸಾಕು, ಎಷ್ಟೋ ಪಾರ್ಟ್ಸ್ ಅಂಗಡಿಯವರು ಪುಕ್ಕಟೆ ಓದಿ ಹೇಳ್ತಾರೆ. ನಮ್ಮ ಕಾರಿನಲ್ಲಿ ದೀಪವೂ ಇಲ್ಲ, ಕೋಡೂ ಇಲ್ಲ. ಹಾಗಾಗಿ ಅವರ ಮಾತು ನಂಬಲು ನನಗೆ ಕಾರಣ ಸಿಗಲಿಲ್ಲ.

ಇನ್ನೊಂದು ಸುಳಿವು ಸದ್ದಿನ ವರ್ತನೆಯಲ್ಲೇ ಇತ್ತು. ನಾಲ್ಕು ಸಿಲಿಂಡರಿನ ಫೋರ್ ಸ್ಟ್ರೋಕ್ ಇಂಜಿನ್ ಒಂದು ಸುತ್ತಿಗೆ ಎರಡು ಸಲ ಫೈರ್ ಆಗುತ್ತೆ. 750 ಆರ್‌ಪಿಎಂನಲ್ಲಿ ಅದು ಸೆಕೆಂಡಿಗೆ 25 ಗುದ್ದು, 1900ರಲ್ಲಿ ಸುಮಾರು 63. ಇಂಥ ಒಂದೊಂದು ಜಾಗದಲ್ಲಿ ಮಾತ್ರ ಕಾಣಿಸಿಕೊಂಡು ಉಳಿದ ಕಡೆ ಸುಮ್ಮನಿರುವ ಸದ್ದು ಅಂದರೆ, ಎಲ್ಲೋ ತೆಳುವಾದ ತಗಡು ಸಡಿಲವಾಗಿ ಆ ಫ್ರೀಕ್ವೆನ್ಸಿಗೆ ಕುಣೀತಿದೆ ಅಂತ ಅನುಮಾನ ಪಡಬೇಕು. ವೈಬ್ರೇಷನ್ಸ್ ಪೇಪರಿಗೆ ಉರು ಹೊಡೆದ ರೆಸೊನೆನ್ಸ್ ಇದೇ ಸ್ವಾಮಿ.

ಮರುದಿನ ಬೆಳಿಗ್ಗೆ ಗಾಡಿ ಪೂರ್ತಿ ತಣ್ಣಗಿದ್ದಾಗ ಗ್ಲೌಸ್ ಹಾಕಿಕೊಂಡು ಹಿಂದಿನಿಂದ ಶುರು ಮಾಡಿದ್ವಿ. ಟೇಲ್‌ಪೈಪ್ ಹಿಡಿದು ಅಲ್ಲಾಡಿಸಿದರೆ ಏನಿಲ್ಲ. ಮಫ್ಲರಿಗೆ ಮುಷ್ಟಿಯಿಂದ ಗುದ್ದಿದರೆ ಮಂದ ಸದ್ದು. ಕನ್ವರ್ಟರಿಗೆ ರಬ್ಬರ್ ಸುತ್ತಿಗೆಯಲ್ಲಿ ತಟ್ಟಿದರೆ, ಒಳಗೆ ಕಲ್ಲು ಉರುಳಿದ ಸದ್ದಿಲ್ಲ. ಅದರ ಮುಂದಿನ ಪೈಪಿಗೆ ಕವಚದಂತೆ ಸುತ್ತಿರುವ ಹೀಟ್ ಶೀಲ್ಡ್ ತಟ್ಟಿದ ಕೂಡಲೇ ಅದೇ ಡಬ್ಬಿ, ಅದೇ ಚಮಚ. ಬೋಲ್ಟಿನ ತಲೆ ತುಕ್ಕಿಗೆ ಕರಗಿ ಹೋಗಿತ್ತು. ಸ್ಟೇನ್‌ಲೆಸ್ ಸ್ಟೀಲಿನ ದೊಡ್ಡ ಹೋಸ್ ಕ್ಲ್ಯಾಂಪ್ ಎರಡು, ಒಟ್ಟು 9 ಡಾಲರ್. ಶೀಲ್ಡ್ ಮತ್ತು ಪೈಪ್ ಎರಡನ್ನೂ ಸೇರಿಸಿ ಸುತ್ತಿ ಬಿಗಿದ್ವಿ. ಅಷ್ಟೇ.

ಆ ತಗಡನ್ನು ಕಿತ್ತು ಬಿಸಾಕಿ ಅನ್ನುವ ಸಲಹೆ ಕೊಡುವವರು ನಮ್ಮ ಗುಂಪಿನಲ್ಲೇ ಇದ್ದಾರೆ. ಇದನ್ನು ನಾನು ಬಲವಾಗಿ ವಿರೋಧಿಸ್ತೀನಿ. ಕನ್ವರ್ಟರ್ ಕೆಲಸ ಮಾಡೋದೇ ನೂರಾರು ಡಿಗ್ರಿ ಬಿಸಿಯಲ್ಲಿ. ಆ ಬಿಸಿ ಕಾರಿನ ನೆಲಕ್ಕೆ, ಪೆಟ್ರೋಲ್ ಪೈಪಿಗೆ, ಕೆಳಗಿನ ಒಣ ಹುಲ್ಲಿಗೆ ತಾಗದಂತೆ ಮಾಡಲೆಂದೇ ಶೀಲ್ಡ್ ಇರೋದು. ಅಕ್ಟೋಬರಿನಲ್ಲಿ ಉದುರಿದ ಎಲೆಗಳ ರಾಶಿಯ ಮೇಲೆ ನಾವೆಲ್ಲ ಪಾರ್ಕ್ ಮಾಡ್ತೀವಲ್ಲ, ಆಗ ಆ ಹಾಳು ತಗಡೇ ನಮ್ಮನ್ನು ಕಾಯೋದು.

ಎಲ್ಲ ಸದ್ದೂ ಕ್ಲ್ಯಾಂಪಿಗೆ ಬಗ್ಗಲ್ಲ. ಹಂಪ್ ಮೇಲೆ ಮಾತ್ರ ಡಬ್ ಅಂದರೆ ಪೈಪನ್ನು ನೇತುಹಾಕಿರುವ ರಬ್ಬರ್ ಹ್ಯಾಂಗರ್ ಹರಿದಿರಬಹುದು. ಅದೂ ಅಗ್ಗದ ಕೆಲಸವೇ. ಮಫ್ಲರ್ ತಟ್ಟಿದಾಗ ಒಳಗೆ ಏನೋ ಹೊರಳಿದರೆ ಒಳಗಿನ ಬ್ಯಾಫಲ್ ಕಳಚಿದೆ, ಮಫ್ಲರೇ ಬದಲಾಗಬೇಕು. ತಣ್ಣಗಿರುವಾಗ ಟಿಕ್ ಟಿಕ್ ಅಂತಿದ್ದು ಬಿಸಿಯಾದಂತೆ ಕಮ್ಮಿಯಾದರೆ ಮುಂದೆ ಮ್ಯಾನಿಫೋಲ್ಡ್ ಹತ್ತಿರ ಹೊಗೆ ಸೋರುತ್ತಿರಬಹುದು. ಇಲ್ಲಿ ಸಾಹಸ ಬೇಡ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ನಾವು ಚಳಿಗೆ ಕಿಟಕಿ ತೆರೆಯಲ್ಲ. ಒಳಗೆ ಹೊಗೆಯ ವಾಸನೆ ಬಂದರೆ, ಅಥವಾ ಓಡಿಸುವಾಗ ತಲೆನೋವು ಬಂದರೆ, ಕಿಟಕಿ ಇಳಿಸಿ, ಗಾಡಿ ನಿಲ್ಲಿಸಿ, ಗ್ಯಾರೇಜಿಗೆ ಫೋನ್ ಮಾಡಿ. ಚೆಕ್ ಇಂಜಿನ್ ದೀಪ ಮಿಣಮಿಣ ಹೊಡೆದುಕೊಂಡರೂ ಅಷ್ಟೇ. ಅದು ಮಿಸ್‌ಫೈರ್. ಉರಿಯದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು ಆ ಸೆರಾಮಿಕ್ಕನ್ನೇ ಕರಗಿಸುತ್ತೆ. ಆಗ ಮಿಸ್‌ಫೈರ್ ಸರಿ ಮಾಡದೆ ಹೊಸ ಕನ್ವರ್ಟರ್ ಹಾಕಿಸಿದರೆ ಹೊಸದೂ ಅದೇ ದಾರಿ ಹಿಡಿಯುತ್ತೆ. ನಿಜವಾದ ಕಾಯಿಲೆ ಯಾವುದು ಅಂತ ಕೇಳದೆ ದುಡ್ಡು ಕೊಡಬೇಡಿ ಅನ್ನೋದು ಇದಕ್ಕೇ.

ಒಂದು ಎಚ್ಚರಿಕೆ, ದಯವಿಟ್ಟು ಓದಿಕೊಂಡೇ ಮುಂದೆ ಹೋಗಿ: ಡಿಕ್ಕಿಯಲ್ಲಿರುವ ಜ್ಯಾಕ್ ಟೈರ್ ಬದಲಿಸೋಕೆ ಮಾತ್ರ. ಬರೀ ಜ್ಯಾಕ್ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಬಾರದು. ಸಮತಟ್ಟಾದ ಗಟ್ಟಿ ನೆಲ, ಚಕ್ರಕ್ಕೆ ಅಡ್ಡಗಟ್ಟು, ಎರಡು ಜ್ಯಾಕ್ ಸ್ಟ್ಯಾಂಡ್, ಜೊತೆಗೊಬ್ಬ ಗೆಳೆಯ. ಇವಿಲ್ಲದಿದ್ದರೆ ಹಿಂದಿನಿಂದ ಕೈಗೆ ಎಟುಕುವಷ್ಟನ್ನು ಮಾತ್ರ ತಟ್ಟಿ ನೋಡಿ, ಉಳಿದದ್ದನ್ನು ಗ್ಯಾರೇಜಿನ ಲಿಫ್ಟ್ ಮೇಲೆ ಅವರ ಜೊತೆ ನಿಂತು ನೋಡಿ. ಗ್ಯಾರೇಜಿನವರನ್ನೆಲ್ಲ ಕಳ್ಳರು ಅಂತ ನಾನು ಹೇಳ್ತಿಲ್ಲ. ಐದು ನಿಮಿಷದಲ್ಲಿ ಉತ್ತರ ಕೊಡಿ ಅಂತ ನಿಂತರೆ ಅವರೂ ಊಹೆಯನ್ನೇ ಕೊಡ್ತಾರೆ. "ಐಡಲ್‌ನಲ್ಲಿ, ಡ್ರೈವ್ ಗೇರಿನಲ್ಲಿ, ಲೋಡ್ ಇದ್ದಾಗ ಮಾತ್ರ ಬರುತ್ತೆ, ಕೋಡ್ ಇಲ್ಲ, ಶೀಲ್ಡ್ ನೋಡಿ" ಅಂತ ಹೇಳಿಕೊಂಡು ಹೋಗುವ ಗಿರಾಕಿಗೆ ಸಿಗುವ ಮರ್ಯಾದೆಯೇ ಬೇರೆ.

ಟೈಮ್ ಎಲ್ಲಿದೆ ಗುರು ಅನ್ನುವವರಿಗೆ: 1,400 ಡಾಲರ್ ದುಡಿಯಲು ಕ್ಯಾಂಪಸ್ ಕೆಲಸದಲ್ಲಿ ಎಷ್ಟು ಗಂಟೆ ಬೇಕು ಅಂತ ಲೆಕ್ಕ ಹಾಕಿ. ನಮಗೆ ಹುಡುಕಲು ಹಿಡಿದದ್ದು ನಲವತ್ತು ನಿಮಿಷ, ಅದರಲ್ಲಿ ಹದಿನೈದು ಟೀಗೆ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವ ಸಂಗತಿ ಇನ್ನೊಂದಿದೆ. ನಮ್ಮ ಕಾರುಗಳು ಬ್ಯಾಚಿನಿಂದ ಬ್ಯಾಚಿಗೆ ಇಳೀತಾ ಹೋಗ್ತವೆ. ಟೆಸ್ಟ್ ಡ್ರೈವ್ ಹೊತ್ತಿಗೆ ಹಾಡು ಜೋರಾಗಿಟ್ಟು ಸದ್ದು ಮುಚ್ಚೋದು ಒಂದು ಜೋಕ್ ಆಗಿಬಿಟ್ಟಿದೆ. ಆ ಕಡೆ ಕೂತಿರೋದು ಯಾರೋ ಅಪರಿಚಿತರಲ್ಲ. ಆಗಸ್ಟಿನಲ್ಲಿ ಎರಡು ಸೂಟ್‌ಕೇಸ್ ಹಿಡಿದು ಬಂದಿಳಿದ, ಬ್ಯಾಂಕ್ ಸಾಲದ ಮೊದಲ ಕಂತನ್ನೂ ಕಟ್ಟದ ನಮ್ಮದೇ ಹುಡುಗ ಹುಡುಗಿಯರು. ಸದ್ದು ಶೀಲ್ಡಿನದ್ದಾದರೆ ಹೇಳೋಕೆ ನಾಚಿಕೆ ಯಾಕೆ? ಸೋರಿಕೆಯದ್ದಾದರೆ ಮುಚ್ಚಿಡೋಕೆ ಧೈರ್ಯ ಎಲ್ಲಿಂದ ಬರುತ್ತೆ? ಸದ್ದು ಯಾವಾಗ ಬಂತು, ಯಾವ ಆರ್‌ಪಿಎಂನಲ್ಲಿ, ಏನು ಬದಲಿಸಿದ್ದು, ಏನು ಬಾಕಿ ಇದೆ, ಒಂದು ಹಾಳೆಯಲ್ಲಿ ಬರೆದು ಕಾರಿನ ಪೇಪರುಗಳ ಜೊತೆ ಕೊಡಬೇಕು. ಸಂಘದ ಗುಂಪಿನಲ್ಲಿ ಕಾರಿನ ಜಾಹೀರಾತು ಹಾಕುವವರಿಗೆ ಇದನ್ನೇ ನಿಯಮ ಮಾಡಿ ಅಂತ ಹೊಸ ಸಮಿತಿಗೆ ಕೇಳಿಕೊಂಡಿದ್ದೀನಿ.

ನಮ್ಮ ಕಾರಿನ ಹಾಳೆ ಸಿದ್ಧವಾಗಿದೆ, ಮೇ ತಿಂಗಳಲ್ಲಿ ಮಾರ್ತೀವಿ. ಕ್ಲ್ಯಾಂಪಿನ ಫೋಟೋ ನೋಡಿದ ಒಬ್ಬರು ಈಗಾಗಲೇ 300 ಡಾಲರ್ ಕಮ್ಮಿಗೆ ಕೇಳಿದ್ದಾರೆ. ಅವರನ್ನು ಕರೆದು ಶೀಲ್ಡ್ ತಟ್ಟಿ ಕೇಳಿಸಬೇಕು ಅಂತಿದ್ದೀನಿ.