ಎರವಿನ ಕಂಠ

ಪರದೇಶದ ಚಿತ್ರಗಳಿಗೆ ತಮ್ಮ ಮಾತನ್ನು ಜೋಡಿಸಿ ಮಕ್ಕಳಿಗೆ ತೋರಿಸುವ ಪದ್ಧತಿಯು 1960ರ ದಶಕದಲ್ಲಿ ಇಂಗ್ಲೆಂಡಿನ ದೂರದರ್ಶನದಲ್ಲಿ ಬಲವಾಗಿ ನಡೆಯಿತು. ಅವುಗಳ ಪೈಕಿ ಬಿ.ಬಿ.ಸಿ.ಯವರು 1965ರಲ್ಲಿ ಪ್ರಸಾರಮಾಡಿದ ರಾಬಿನ್ಸನ್ ಕ್ರೂಸೋ ಧಾರಾವಾಹಿಯ ಸಂಗತಿಯು ವಿಚಿತ್ರವಾದುದು. ಡೀಫೋ ಮಹಾಶಯನು 1719ರಲ್ಲಿ ಪ್ರಕಟಿಸಿದ ಆ ಕಥೆ ಅಚ್ಚ ಇಂಗ್ಲಿಷರದು. ಚಿತ್ರ ತೆಗೆದವರಾದರೋ ಫ್ರೆಂಚರು. ಕ್ರೂಸೋ ವೇಷ ಆಸ್ಟ್ರಿಯದ ರಾಬರ್ಟ್ ಹಾಫ್‌ಮನ್ನನದು. ಕಡಲತೀರ ಸ್ಪೇನಿಗೆ ಸೇರಿದ ಕನೇರಿ ದ್ವೀಪಗಳದು. ಇಷ್ಟೆಲ್ಲ ಸುತ್ತಿದ ಮನೆಮಗನು ಲೀ ಪೇಯಂಟನೆಂಬ ಅಮೆರಿಕದ ನಟನ ಕಂಠವನ್ನು ಎರವು ಪಡೆದು, ಸ್ವಭಾಷೆಯನ್ನಾಡುತ್ತ ಮನೆಗೆ ಮರಳಿದನು!

ಆದರೂ ಮಕ್ಕಳಿಗೆ ಅದು ಎರವೆಂದು ತೋರಲಿಲ್ಲ. ನಿರ್ಜನ ದ್ವೀಪದಲ್ಲಿರುವವನಿಗೆ ಮಾತನಾಡಲು ಜೊತೆ ಯಾರು? ಬಹುಕಾಲ ಅವನ ತುಟಿಯೇ ಅಲುಗದು. ಹಿಂದಿನಿಂದ ಬರುವ ಧ್ವನಿಯು ಅವನ ಮನಸ್ಸೇ ಆಗಿ ಕೇಳಿಸುವುದು. ಇಂಗ್ಲಿಷ್ ಪ್ರತಿಗೆ ಸಂಗೀತವನ್ನೂ ಬೇರೆಯಾಗಿ ರಚಿಸಿದ್ದರು. ಫ್ರೆಂಚ್ ಪ್ರತಿಯಲ್ಲಿಲ್ಲದ ಆ ರಾಗಗಳು ದಶಕಗಳ ಮೇಲೆ ಸಿ.ಡಿ.ಯಾಗಿಯೂ ಹೊರಬಂದುವು.

ಜೊತೆಗೆ ಇನ್ನೊಂದು ಕ್ರಮವೂ ಇದ್ದಿತು. ಹಾಡುವ ಮರವೊಂದರ ವಿಷಯವಾಗಿ ಪೂರ್ವ ಜರ್ಮನಿಯಲ್ಲಿ 1957ರಲ್ಲಿ ತಯಾರಾದ ಚಿತ್ರವನ್ನು ಬಿ.ಬಿ.ಸಿ.ಯವರು 1964ರಲ್ಲಿ ಮೂರು ಭಾಗವಾಗಿ ತೋರಿಸಿದರು. ಪಾತ್ರಗಳು ಜರ್ಮನ್ ಆಡುತ್ತಲೇ ಇರುವುವು. ಮೇಲಿನಿಂದ ಒಬ್ಬನು, ನಮ್ಮ ಅಜ್ಜಿಯರಂತೆ, ಕಥೆಯನ್ನು ಇಂಗ್ಲಿಷಿನಲ್ಲಿ ಹೇಳುವನು. ನಮಗೆ ಇದೇ ಮೆಚ್ಚು. ಜಗತ್ತಿನಲ್ಲಿ ಬೇರೆ ನುಡಿಯವರೂ ನಗುವರು, ಅಳುವರು ಎಂಬುದು ಮಗುವಿನ ಕಿವಿಗೆ ತಾನಾಗಿ ಬೀಳುವುದು. ಬೆಚ್ಚಿದ ಮಕ್ಕಳೂ ಉಂಟು, ನಿಜ. ಅದರಲ್ಲಿಯ ದುಷ್ಟ ಕುಬ್ಜನನ್ನು ದೊಡ್ಡವರಾದ ಮೇಲೂ ಅನೇಕರು ಮರೆತಿಲ್ಲ.